ಕಲೋಂಜಿಯ ಶಿಫಾ ಮತ್ತು ಮನೆಯ ಮಾತ್ರೆ ಡಬ್ಬಿ

ಮರಣವೊಂದನ್ನು ಬಿಟ್ಟು ಉಳಿದೆಲ್ಲ ರೋಗಕ್ಕೂ ಕರಿಜೀರಿಗೆಯಲ್ಲಿ ಶಮನವಿದೆ ಎಂಬ ಅರ್ಥದ ಪ್ರವಾದಿ(ಸ)ರ ಮಾತನ್ನು ಕೇಳದ ಮುಸ್ಲಿಮ್ ಮನೆ ನಮ್ಮಲ್ಲಿ ಇರಲಾರದು. ಮದ್ರಸದ ಮಕ್ಕಳಿಗೂ ಅದು ಗೊತ್ತು. ಜುಮಾ ಖುತ್ಬಾದಲ್ಲಿ ಈ ವಿಷಯ ಬಂದ ದಿನ ಸಂಜೆ ಎಷ್ಟೋ ಮನೆಗಳಿಗೆ ಒಂದು ಪೊಟ್ಟಣ ಕಲೋಂಜಿ ಬರುತ್ತದೆ. ಪೊಟ್ಟಣ ಬಿಚ್ಚಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಎಷ್ಟು ತಿನ್ನಬೇಕು? ಬೆಳಿಗ್ಗೆಯೋ, ರಾತ್ರಿಯೋ? ಅಂಗಡಿಯವರು ಕೊಟ್ಟದ್ದು ಅದೇ ಬೀಜವೇ? ಇವುಗಳ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ. ಹಿರಿಯರು ಅದನ್ನು ಬಾಯಿಬಿಟ್ಟು ಕೇಳುವುದು ಕಡಿಮೆ. ಇದನ್ನು ತಿನ್ನಲು ಆರಂಭಿಸಿದ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿಯ ಮಾತ್ರೆ ಬಿಡಬಹುದೇ? ಎರಡನ್ನೂ ತಿಂದರೆ ಹದೀಸಿನ ಮೇಲೆ ಸಂಶಯಪಟ್ಟಂತೆ ಆಗುವುದಿಲ್ಲವೇ?

ಕೇಳದೆಯೇ ಮಾತ್ರೆ ಬಿಟ್ಟವರೂ ಇದ್ದಾರೆ. ಅವರದು ಉಡಾಫೆಯೆಂದು ಹೇಳಲಾಗದು. ಪ್ರವಾದಿ(ಸ)ರ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದವರು ಅವರು. ಆದ್ದರಿಂದ ಅವರಿಗೆ ಕೊಡುವ ಉತ್ತರವೂ ಹದೀಸಿನಿಂದಲೇ ಆರಂಭವಾಗಬೇಕು. ಅದಕ್ಕೂ ಮುಂಚೆ ಬೀಜದ ಗುರುತು ಸರಿಯಾಗಿ ಆಗಲಿ.

ಯಾವ ಬೀಜ?

ಅರಬಿಯಲ್ಲಿ ಇದರ ಹೆಸರು ಅಲ್-ಹಬ್ಬತುಸ್ಸೌದಾ, ಅಂದರೆ ಕಪ್ಪು ಬೀಜ. ಪಾರ್ಸಿಯಲ್ಲಿ ಶೂನೀಝ್. ಉರ್ದು ಮತ್ತು ನಮ್ಮ ದಖನಿ ಮಾತಿನಲ್ಲಿ ಕಲೋಂಜಿ. ಕೇರಳದ ಕಡೆ ಕರಿಂಜೀರಕಂ, ಕನ್ನಡದಲ್ಲಿ ಕರಿಜೀರಿಗೆ. ಸಸ್ಯಶಾಸ್ತ್ರದಲ್ಲಿ ನೈಜೆಲ್ಲಾ ಸಟೈವಾ. ಮೊಣಕಾಲೆತ್ತರವೂ ಸರಿಯಾಗಿ ಬೆಳೆಯದ ಪುಟ್ಟ ಗಿಡ, ಸಬ್ಬಸಿಗೆಯಂತೆ ಎಳೆಎಳೆಯಾದ ಎಲೆ, ತಿಳಿನೀಲಿ ಅಥವಾ ಬಿಳಿ ಹೂವು. ಹೂವು ಉದುರಿದ ಮೇಲೆ ಉಬ್ಬಿದ ಕಾಯಿ ಕಟ್ಟುತ್ತದೆ, ಬೀಜಗಳು ಅದರೊಳಗೆ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಂತಹ ರಾಜ್ಯಗಳಲ್ಲಿ ಹಿಂಗಾರು ಬೆಳೆಯಾಗಿ ಬೆಳೆಯುತ್ತಾರೆ. ಮಧ್ಯಪ್ರದೇಶದ ನೀಮಚ್ ಇದರ ದೊಡ್ಡ ಮಾರುಕಟ್ಟೆ.

ಹೆಸರಿನಲ್ಲಿ ಜೀರಿಗೆ ಇದ್ದರೂ ಇದು ಜೀರಿಗೆಯ ಕುಟುಂಬದ ಗಿಡವೇ ಅಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ಗ್ರಂದಿಗೆ ಅಂಗಡಿಗೆ ಹೋಗಿ 'ಕಪ್ಪು ಜೀರಿಗೆ ಕೊಡಿ' ಎಂದರೆ ಮೂರರಲ್ಲಿ ಒಂದು ಕೈಗೆ ಬರಬಹುದು. ಒಂದು ಬಿರಿಯಾನಿಗೆ ಹಾಕುವ ಶಾಜೀರ. ಅದು ತೆಳ್ಳಗೆ, ತುಸು ಬಾಗಿದ, ಕಂದುಗಪ್ಪು ಬಣ್ಣದ ಕಾಳು. ನಿಜವಾದ ಜೀರಿಗೆಯ ನೆಂಟ. ತಿಂದರೆ ಹಾನಿಯಿಲ್ಲ, ಆದರೆ ಹದೀಸಿನ ಬೀಜ ಅದಲ್ಲ. ಎರಡನೆಯದು ಕಾಡುಜೀರಿಗೆ. ಹಿಂದಿಯಲ್ಲಿ ಅದಕ್ಕೆ 'ಕಾಲೀ ಜೀರಿ' ಎನ್ನುವುದರಿಂದ ಎಡವುವುದು ಸುಲಭ. ಉದ್ದ ಕಾಳು, ಮೈಮೇಲೆ ಗೆರೆಗಳು, ನಾಲಗೆಗೆ ಇಟ್ಟರೆ ವಿಪರೀತ ಕಹಿ. ಹೊಟ್ಟೆಹುಳಕ್ಕೆ ನಾಟಿ ವೈದ್ಯರು ಬಳಸುವ ಔಷಧಿ ಅದು. ಕಲೋಂಜಿಯೆಂದು ದಿನವೂ ಚಮಚಗಟ್ಟಲೆ ತಿನ್ನುವಂಥದ್ದಲ್ಲ. ಮೂರನೆಯದು ಮಾತ್ರ ನಮಗೆ ಬೇಕಾದ ಕಲೋಂಜಿ.

ಗುರುತು ಹೀಗಿದೆ. ಎಳ್ಳಿಗಿಂತ ತುಸು ಚಿಕ್ಕದು ಅಥವಾ ಅಷ್ಟೇ ದೊಡ್ಡದು, ಹೊಳಪಿಲ್ಲದ ಅಚ್ಚ ಕಪ್ಪು, ಮೂರು ಮೂಲೆ, ಮೈ ಒರಟು. ಎಳ್ಳಿನಂತೆ ಚಪ್ಪಟೆಯಾಗಿಯೂ ನುಣುಪಾಗಿಯೂ ಇರುವುದಿಲ್ಲ. ಒಡೆದರೆ ಒಳಗೆ ಬೆಳ್ಳಗಿರುತ್ತದೆ. ಬೆರಳುಗಳ ನಡುವೆ ಉಜ್ಜಿದರೆ ಓಮದ ಹತ್ತಿರದ, ಸ್ವಲ್ಪ ಮೆಣಸಿನ ಖಾರ ಸೇರಿದ ವಾಸನೆ ಬರುತ್ತದೆ. ಈ ಉಜ್ಜಿ ನೋಡುವ ಪರೀಕ್ಷೆ ಮುಖ್ಯ. ಏಕೆಂದರೆ ಈರುಳ್ಳಿ ಬೀಜವೂ ನೋಡಲು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ, ಆದರೆ ಅದಕ್ಕೆ ಈ ಘಮ ಇಲ್ಲ. ಅಂಗಡಿಯಲ್ಲಿ 'ಕಲೋಂಜಿ' ಎಂಬ ಹೆಸರನ್ನೇ ಹೇಳಿ ಕೇಳುವುದು ಒಳ್ಳೆಯದು.

ಬೀಜದ ಬಗ್ಗೆ ಈ ಗೊಂದಲ ನಮ್ಮ ಕಾಲದ್ದೇ ಎಂದುಕೊಳ್ಳಬೇಡಿ. ಹಬ್ಬತುಸ್ಸೌದಾ ಎಂದರೆ ಸಾಸಿವೆಯೆಂದು ಕೆಲವರು ಹೇಳಿದ್ದನ್ನೂ ಬೇರೊಂದು ಮರದ ಕಾಯಿಯೆಂದು ಮತ್ತೆ ಕೆಲವರು ಹೇಳಿದ್ದನ್ನೂ ಇಮಾಮ್ ಇಬ್ನುಲ್ ಕಯ್ಯಿಮ್(ರಹಿ) ದಾಖಲಿಸಿ, ಎರಡೂ ತಪ್ಪು, ಅದು ಶೂನೀಝ್ ಎಂದು ತೀರ್ಪು ಕೊಡುತ್ತಾರೆ. ಸಹೀಹ್ ಬುಖಾರಿಯಲ್ಲಿ ಹದೀಸಿನ ಜೊತೆಗೇ ಇಬ್ನು ಶಿಹಾಬ್ ಝುಹ್ರಿಯವರ ವಿವರಣೆಯೂ ಇದೆ: ಅಲ್ಲಿ ಬಂದಿರುವ 'ಸಾಮ್' ಎಂಬ ಪದಕ್ಕೆ ಮರಣವೆಂದೂ ಕಪ್ಪು ಬೀಜಕ್ಕೆ ಶೂನೀಝ್ ಎಂದೂ ಅವರು ಅರ್ಥ ಹೇಳಿದ್ದಾರೆ.

'ಎಲ್ಲ ರೋಗ' ಎಂದರೆ

ಈ ಹದೀಸ್ ಹಝ್ರತ್ ಅಬೂಹುರೈರಾ(ರ) ಮತ್ತು ಹಝ್ರತ್ ಆಯಿಶಾ(ರ)ರಿಂದ ವರದಿಯಾಗಿದೆ. ಆಯಿಶಾ(ರ)ರ ವರದಿ ನಮ್ಮನ್ನು ತಲುಪಿದ ಸಂದರ್ಭವನ್ನು ಗಮನಿಸಬೇಕು. ಗಾಲಿಬ್ ಬಿನ್ ಅಬ್ಜರ್ ಎಂಬವರು ಪ್ರಯಾಣದಲ್ಲಿ ಕಾಯಿಲೆ ಬಿದ್ದರು. ಮದೀನಾ ತಲುಪಿದರೂ ವಾಸಿಯಾಗಿರಲಿಲ್ಲ. ನೋಡಲು ಬಂದ ಇಬ್ನು ಅಬೀ ಅತೀಕ್ ಅವರು ಐದೋ ಏಳೋ ಬೀಜ ತೆಗೆದುಕೊಂಡು ಅರೆದು, ಎಣ್ಣೆಯಲ್ಲಿ ಕಲಸಿ, ಮೂಗಿನ ಎರಡೂ ಹೊಳ್ಳೆಗಳಿಗೆ ಹನಿಸಲು ಹೇಳಿದರು. ಆ ಮೇಲೆ ಆಯಿಶಾ(ರ)ರಿಂದ ಕೇಳಿದ ಹದೀಸನ್ನು ತಿಳಿಸಿದರು. ಆ ಕಾಯಿಲೆ ನೆಗಡಿಯಾಗಿದ್ದಿರಬಹುದು ಎಂದು ಇಬ್ನು ಹಜರ್ ಅಸ್ಕಲಾನಿ(ರಹಿ) ಊಹಿಸುತ್ತಾರೆ. ಅಂದರೆ ಹದೀಸನ್ನು ಹತ್ತಿರದಿಂದ ಬಲ್ಲವರು ಸುಮ್ಮನೆ 'ಕಲೋಂಜಿ ತಿನ್ನಿ' ಎಂದು ಹೇಳಿ ಹೋಗಲಿಲ್ಲ. ರೋಗಿಯನ್ನು ನೋಡಿದರು, ಪ್ರಮಾಣ ಹೇಳಿದರು, ಕೊಡುವ ವಿಧಾನ ಹೇಳಿದರು. (ಅಂಗಡಿಯಲ್ಲಿ ಸಿಗುವ ಎಣ್ಣೆಯನ್ನು ಮಕ್ಕಳ ಮೂಗಿಗೆ ಹನಿಸುವುದಕ್ಕೆ ಇದನ್ನು ಆಧಾರ ಮಾಡಿಕೊಳ್ಳಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕಷ್ಟ.)

ಇಬ್ನು ಹಜರ್ ಅವರು ಬುಖಾರಿಯ ವ್ಯಾಖ್ಯಾನವಾದ ಫತ್‌ಹುಲ್ ಬಾರಿಯಲ್ಲಿ ಈ ಅಂಶವನ್ನೇ ಬಿಡಿಸಿ ಹೇಳುತ್ತಾರೆ. ಎಲ್ಲ ರೋಗಕ್ಕೆ ಎಂದರೆ ಎಲ್ಲ ರೋಗಕ್ಕೂ ಬರಿದೇ ಅದೊಂದನ್ನೇ ಬಳಸುವುದೆಂದು ಅರ್ಥವಲ್ಲ. ಕೆಲವೊಮ್ಮೆ ಒಂಟಿಯಾಗಿ, ಕೆಲವೊಮ್ಮೆ ಬೇರೆ ಔಷಧಿಗಳ ಜೊತೆ ಸೇರಿಸಿ, ಅರೆದು ಅಥವಾ ಅರೆಯದೆ, ತಿನ್ನಲು, ಕುಡಿಯಲು, ಮೂಗಿಗೆ, ಲೇಪಕ್ಕೆ ಎಂದು ಬಳಕೆ ಬದಲಾಗುತ್ತದೆ. ಇಮಾಮ್ ಖತ್ತಾಬಿ(ರಹಿ) ಇನ್ನೂ ಸ್ಪಷ್ಟವಾಗಿ, ಮಾತು ಸಾಮಾನ್ಯ ರೂಪದಲ್ಲಿದ್ದರೂ ಉದ್ದೇಶ ನಿರ್ದಿಷ್ಟ ಎಂದರು. ಶೀತ ಪ್ರಕೃತಿಯ ಕಾಯಿಲೆಗಳಿಗೆ ಅದು ಹೊಂದುತ್ತದೆ ಎಂಬುದು ಅವರ ಅಭಿಪ್ರಾಯ. ಇಬ್ನುಲ್ ಕಯ್ಯಿಮ್ ಅವರು ಕುರ್‌ಆನಿನ ಶೈಲಿಯಿಂದಲೇ ಉದಾಹರಣೆ ಕೊಡುತ್ತಾರೆ. ಆದ್ ಜನಾಂಗದ ಮೇಲೆ ಬೀಸಿದ ಗಾಳಿ ಎಲ್ಲವನ್ನೂ ನಾಶಮಾಡಿತು ಎಂದು ಸೂರಃ ಅಲ್-ಅಹ್‌ಕಾಫ್‌ನಲ್ಲಿದೆ. ಅದೇ ವಚನ ಮುಂದುವರಿದು ಅವರ ಮನೆಗಳು ಮಾತ್ರ ಕಾಣುತ್ತಿದ್ದವು ಎನ್ನುತ್ತದೆ. 'ಎಲ್ಲವೂ' ಎಂದರೆ ನಾಶಕ್ಕೆ ಒಳಗಾಗುವಂಥದ್ದೆಲ್ಲವೂ. ನಾವೂ ಮಾತನಾಡುವುದು ಹೀಗೆಯೇ. ಮದುವೆಗೆ ಊರೆಲ್ಲ ಬಂದಿತ್ತು ಎಂದರೆ ತೊಟ್ಟಿಲ ಮಗುವನ್ನೂ ಎಣಿಸಿ ಹೇಳಿದಂತಲ್ಲ.

ಇವರು ಯಾರೂ ಹದೀಸಿನಲ್ಲಿ ಸಂಶಯಪಟ್ಟವರಲ್ಲ. ಅದನ್ನು ಕಾಪಾಡಿ ನಮಗೆ ಮುಟ್ಟಿಸಿದವರು.

ಇನ್ನು ಪ್ರವಾದಿ(ಸ)ರ ನಡೆಯನ್ನೇ ನೋಡಿ. ಒಂದೇ ಬೀಜ ಯಾವ ವಿವೇಚನೆಯೂ ಇಲ್ಲದೆ ಎಲ್ಲವನ್ನೂ ಗುಣಪಡಿಸುವುದಾಗಿದ್ದರೆ ಬೇರೇನನ್ನೂ ಸೂಚಿಸುವ ಅಗತ್ಯವಿರುತ್ತಿರಲಿಲ್ಲ. ಆದರೆ ಹೊಟ್ಟೆ ಕೆಟ್ಟವನಿಗೆ ಜೇನು ಹೇಳಿದರು. ದುಃಖದಲ್ಲಿರುವವರಿಗೂ ರೋಗಿಗೂ ಜವೆಗೋಧಿಯ ಗಂಜಿ ತಲ್ಬೀನಾ. ಗಂಟಲು ನೋವಿನ ಮಕ್ಕಳಿಗೆ ಭಾರತದಿಂದ ಹೋಗುತ್ತಿದ್ದ ಬೇರು, ಊದುಲ್ ಹಿಂದೀ. ಹಿಜಾಮವನ್ನೂ ಹೇಳಿದರು. ಸಅದ್ ಬಿನ್ ಅಬೀ ವಕ್ಕಾಸ್(ರ) ಎದೆನೋವಿನಿಂದ ಮಲಗಿದ್ದಾಗ ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದಾ ಎಂಬ ವೈದ್ಯನ ಬಳಿಗೆ ಹೋಗಲು ಸೂಚಿಸಿದರೆಂದು ಅಬೂದಾವೂದ್‌ನಲ್ಲಿದೆ. ಉಬಯ್ಯ್ ಬಿನ್ ಕಅಬ್(ರ)ರ ಬಳಿಗೆ ವೈದ್ಯನನ್ನೇ ಕಳುಹಿಸಿದರು, ಆತ ರಕ್ತನಾಳ ಕೊಯ್ದು ಸುಟ್ಟು ಚಿಕಿತ್ಸೆ ಮಾಡಿದ ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಎರಡೂ ಸಂದರ್ಭಗಳಲ್ಲಿ ಕಲೋಂಜಿ ಮದೀನಾದಲ್ಲಿ ಸಿಗುತ್ತಿತ್ತು. ಹಝ್ರತ್ ಜಾಬಿರ್(ರ) ವರದಿ ಮಾಡಿದ ಇನ್ನೊಂದು ಹದೀಸಿನ ಆಶಯವೂ ಇದಕ್ಕೆ ಹೊಂದುತ್ತದೆ: ಪ್ರತಿ ರೋಗಕ್ಕೂ ಔಷಧಿಯಿದೆ, ರೋಗಕ್ಕೆ ತಕ್ಕ ಔಷಧಿ ದೊರೆತಾಗ ಅಲ್ಲಾಹನ ಅಪ್ಪಣೆಯಿಂದ ಗುಣವಾಗುತ್ತದೆ. ತಕ್ಕದ್ದು ಯಾವುದೆಂದು ಹುಡುಕುವ ಕೆಲಸ ಮನುಷ್ಯನ ಪಾಲಿಗಿದೆ.

ಪರೀಕ್ಷೆಗಳಲ್ಲಿ ಕಂಡದ್ದು

ಹಾಗಾದರೆ ಕಲೋಂಜಿಯಲ್ಲಿ ಗುಣವಿಲ್ಲವೇ? ಇದೆ. ಅದೂ ಕಡಿಮೆಯೇನಲ್ಲ. ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಎಣ್ಣೆ. ಅದರಲ್ಲಿ ಹಾರಿಹೋಗುವ ಸುಗಂಧ ತೈಲದ ಅಂಶ ಬಹಳ ಸ್ವಲ್ಪ, ಆದರೆ ಗುಣದ ಬಹುಭಾಗ ಇರುವುದು ಅದರಲ್ಲಿ. ಥೈಮೋಕ್ವಿನೋನ್ ಎಂಬ ವಸ್ತು ಅದರ ಮುಖ್ಯ ಅಂಶ. ಉರಿಯೂತವನ್ನು ತಗ್ಗಿಸುವ ಶಕ್ತಿ ಅದಕ್ಕಿದೆಯೆಂದು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಸೌದಿ ಅರೇಬಿಯಾದ ಕಿಂಗ್ ಫೈಸಲ್ ವಿಶ್ವವಿದ್ಯಾಲಯದ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ತಿಳಿದುಕೊಳ್ಳಬೇಕು. ಟೈಪ್ 2 ಸಕ್ಕರೆ ಕಾಯಿಲೆಯ 94 ರೋಗಿಗಳನ್ನು ಮೂರು ಗುಂಪು ಮಾಡಿ ದಿನಕ್ಕೆ 1, 2 ಮತ್ತು 3 ಗ್ರಾಂ ಕಲೋಂಜಿಯನ್ನು ಮೂರು ತಿಂಗಳು ಕೊಟ್ಟರು. 2 ಗ್ರಾಂ ತೆಗೆದುಕೊಂಡವರಲ್ಲಿ ಖಾಲಿಹೊಟ್ಟೆಯ ಸಕ್ಕರೆ ಗಣನೀಯವಾಗಿ ಇಳಿಯಿತು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಅಂಕ ಸುಮಾರು ಒಂದೂವರೆಯಷ್ಟು ಕಡಿಮೆಯಾಯಿತು. ಇದು ಒಳ್ಳೆಯ ಇಳಿಕೆ. 3 ಗ್ರಾಂ ಕೊಟ್ಟವರಲ್ಲಿ ಅದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹೆಚ್ಚು ತಿಂದರೆ ಹೆಚ್ಚು ಗುಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ವಾಟ್ಸಾಪ್ ಸಂದೇಶಗಳಲ್ಲಿ ಬಿಟ್ಟುಹೋಗುವ ವಿವರ ಒಂದಿದೆ. ಆ ರೋಗಿಗಳಾರೂ ತಮ್ಮ ಮಾತ್ರೆಗಳನ್ನು ನಿಲ್ಲಿಸಿರಲಿಲ್ಲ. ಕಲೋಂಜಿಯನ್ನು ಕೊಟ್ಟದ್ದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ.

ಬಿಪಿಗೂ ಅಷ್ಟೇ. ಹನ್ನೊಂದು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ 2016ರ ಅಧ್ಯಯನದಲ್ಲಿ ರಕ್ತದೊತ್ತಡದ ಮೇಲಿನ ಮತ್ತು ಕೆಳಗಿನ ಅಂಕಗಳೆರಡೂ ಸರಾಸರಿ 3ರಷ್ಟು ಇಳಿದಿದ್ದವು. 160 ಇರುವವರಿಗೆ 157 ಆದರೆ ಸಾಕಾಗುವುದಿಲ್ಲ. ಕೆಟ್ಟ ಕೊಲೆಸ್ಟರಾಲ್ ಕೂಡ ಸ್ವಲ್ಪ ತಗ್ಗುತ್ತದೆ. ಅಲರ್ಜಿಯ ನೆಗಡಿಗೆ ಉಪಶಮನ ಸಿಕ್ಕಿತೆಂದು ಕೆಲವು ಚಿಕ್ಕ ಪರೀಕ್ಷೆಗಳು ಹೇಳುತ್ತವೆ. ಕ್ಯಾನ್ಸರಿನ ಮಾತು ಬೇರೆ. ಗಾಜಿನ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ಕಂಡ ಪರಿಣಾಮವನ್ನು ಹಿಡಿದುಕೊಂಡು ಮನುಷ್ಯನ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಮಾತ್ರೆ ಬಿಟ್ಟರೆ ಆಗುವುದೇನು?

ಸಕ್ಕರೆಯ ಮಾತ್ರೆ ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಮರುವಾರವೂ ಅಷ್ಟಾಗಿ ತಿಳಿಯದು. ಮೋಸವಿರುವುದು ಅಲ್ಲಿಯೇ. 'ನೋಡಿ, ಬಿಟ್ಟು ತಿಂಗಳಾಯಿತು, ಆರಾಮಾಗಿದ್ದೇನೆ' ಎನ್ನುವವರ ರಕ್ತದಲ್ಲಿ ಸಕ್ಕರೆ ಸದ್ದಿಲ್ಲದೆ ಏರುತ್ತಿರುತ್ತದೆ. ಕಣ್ಣಿನ ಹಿಂಪರದೆಯ ಸಣ್ಣ ನಾಳಗಳು, ಕಿಡ್ನಿಯ ಸೋಸುವ ಜಾಲ, ಪಾದದ ನರಗಳು ಒಂದೊಂದಾಗಿ ಕೆಡುತ್ತವೆ. ಚಪ್ಪಲಿ ಕಚ್ಚಿ ಆದ ಗಾಯದ ನೋವೇ ಗೊತ್ತಾಗುವುದಿಲ್ಲ. ವುಝೂ ಮಾಡುವಾಗ ಕಾಲ್ಬೆರಳ ಸಂದಿಯಲ್ಲಿ ಕೀವು ಕಂಡು ಆಸ್ಪತ್ರೆಗೆ ಓಡುವ ಹೊತ್ತಿಗೆ ತಡವಾಗಿರುತ್ತದೆ. (ದಿನಕ್ಕೆ ಐದು ಸಲ ಕಾಲು ತೊಳೆಯುವವರು ಆ ಹೊತ್ತಿಗೆ ಪಾದವನ್ನು ಬೆಳಕಿನಲ್ಲಿ ಒಮ್ಮೆ ನೋಡಿಕೊಂಡು ಒರೆಸಿಕೊಂಡರೆ ಎಷ್ಟೋ ಬೆರಳುಗಳು ಉಳಿದಾವು.) ಬಿಪಿಯೂ ಹಾಗೆಯೇ, ಪಾರ್ಶ್ವವಾಯು ಹೊಡೆಯುವವರೆಗೂ ಸುಳಿವು ಕೊಡದಿರಬಹುದು.

ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುವ ಮಕ್ಕಳ ವಿಷಯದಲ್ಲಿ ಮಾತ್ರ ತಿಂಗಳುಗಳ ಮಾತೇ ಇಲ್ಲ. ಟೈಪ್ 1 ಸಕ್ಕರೆ ಕಾಯಿಲೆಯ ಮಗುವಿನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. ಅದನ್ನು ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ವಾಂತಿ, ಹೊಟ್ಟೆನೋವು, ಏದುಸಿರು ಆರಂಭವಾಗಿ ಜೀವಕ್ಕೇ ಸಂಚಕಾರ ಬರುತ್ತದೆ. ಇನ್ಸುಲಿನ್ ಮೊದಲ ಬಾರಿಗೆ ರೋಗಿಗೆ ಸಿಕ್ಕಿದ್ದು 1922ರಲ್ಲಿ. ಅದಕ್ಕಿಂತ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಕಲೋಂಜಿ ಆಗಲೂ ಇತ್ತು, ಹದೀಸೂ ಇತ್ತು, ಮಕ್ಕಳ ತಲೆಯ ಬಳಿ ಕುಳಿತು ದುಆ ಮಾಡುವ ತಾಯಂದಿರೂ ಇದ್ದರು. ಆ ರೋಗಕ್ಕೆ ತಕ್ಕ ಔಷಧಿಯನ್ನು ಅಲ್ಲಾಹನು ತಿಳಿಸಿಕೊಟ್ಟದ್ದು ಆ ವರ್ಷ. ಫ್ರಿಜ್ಜಿನಲ್ಲಿಟ್ಟ ಆ ಬಾಟಲಿಯೂ ಅವನ ಅನುಗ್ರಹವೇ.

ಇದಕ್ಕೆ ತದ್ವಿರುದ್ಧವಾದ ಅಪಾಯವೂ ಒಂದಿದೆ. ಮಾತ್ರೆಯನ್ನೂ ತಿಂದು, ವೈದ್ಯರಿಗೆ ತಿಳಿಸದೆ ಕಲೋಂಜಿಯನ್ನೂ ಚಮಚಗಟ್ಟಲೆ ನುಂಗಿದರೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ತಲೆಸುತ್ತು, ತಡೆಯಲಾಗದ ಹಸಿವು ಅದರ ಸೂಚನೆಗಳು. ಕೂಡಲೇ ಸಕ್ಕರೆ ನೀರು ಕುಡಿಯಬೇಕು. ರಮಝಾನಿನಲ್ಲಿ ಉಪವಾಸವಿರುವ ಸಕ್ಕರೆ ರೋಗಿಗಳು ಇದನ್ನು ಇನ್ನಷ್ಟು ನೆನಪಿಡಬೇಕು. ಇಂಥ ಹೊತ್ತಿನಲ್ಲಿ ಉಪವಾಸ ಮುರಿಯಲು ಶರೀಅತ್ ರಿಯಾಯಿತಿ ಕೊಟ್ಟಿದೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕಲೋಂಜಿಯನ್ನು ಔಷಧಿಯ ಪ್ರಮಾಣದಲ್ಲಿ ತಾವಾಗಿಯೇ ಶುರು ಮಾಡಬಾರದು, ರಕ್ತ ಹೆಪ್ಪುಗಟ್ಟುವುದನ್ನು ಅದು ನಿಧಾನಿಸಬಹುದು. ಆಪರೇಷನ್ ನಿಗದಿಯಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ. ಗರ್ಭಿಣಿಯರಿಗೆ ಉಪ್ಪಿನಕಾಯಿಯಲ್ಲಿ, ರೊಟ್ಟಿಯ ಮೇಲೆ ಉದುರಿಸಿದಷ್ಟರಿಂದ ತೊಂದರೆಯಿಲ್ಲ, ಆದರೆ ಚಮಚದ ಲೆಕ್ಕದ ಪುಡಿ ಮತ್ತು ಎಣ್ಣೆ ಬೇಡ. ಕಿಡ್ನಿ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ಎಣ್ಣೆ ಹಚ್ಚಿ ಚರ್ಮ ಕೆಂಪಾಗಿ ಬೊಕ್ಕೆ ಎದ್ದವರೂ ಇದ್ದಾರೆ, ಆದ್ದರಿಂದ ಮೊದಲು ಮುಂಗೈ ಮೇಲೆ ಒಂದು ಹನಿ ಹಚ್ಚಿ ಒಂದು ದಿನ ಕಾಯಿರಿ.

ಎಣ್ಣೆಯ ಬಾಟಲಿಗಳ ಬಗ್ಗೆ ಇಷ್ಟು ಹೇಳಲೇಬೇಕು. ಹದೀಸನ್ನು ಲೇಬಲ್ಲಿನ ಮೇಲೆ ಅಚ್ಚುಹಾಕಿ, ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರಿನವರೆಗೆ ಪಟ್ಟಿ ಕೊಟ್ಟು ಮಾರುವವರನ್ನು ನೋಡುತ್ತೇವೆ. ಅಂಥ ಜಾಹೀರಾತುಗಳನ್ನು ನಮ್ಮ ದೇಶದ 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎರಡೂ ಆ ಕಾಯಿದೆಯ ಪಟ್ಟಿಯಲ್ಲಿವೆ. ಶರೀಅತ್ತಿನ ಮಾತು ಅದಕ್ಕಿಂತ ಹಳೆಯದು, ಇನ್ನೂ ಗಟ್ಟಿಯಾದದ್ದು. ವೈದ್ಯವಿದ್ಯೆ ತಿಳಿಯದವನು ವೈದ್ಯ ಮಾಡಿದರೆ ಆಗುವ ಹಾನಿಗೆ ಅವನೇ ಹೊಣೆ ಎಂಬ ಆಶಯದ ಹದೀಸ್ ಅಬೂದಾವೂದ್, ನಸಾಈ, ಇಬ್ನು ಮಾಜಃ ಗ್ರಂಥಗಳಲ್ಲಿದೆ. ಕುಟುಂಬದ ಗ್ರೂಪಿನಲ್ಲಿ 'ಇನ್ಸುಲಿನ್ ಬಿಡಿ, ಇದನ್ನು ಕುಡಿಯಿರಿ' ಎಂಬ ಸಂದೇಶವನ್ನು ಮುಂದೆ ಕಳುಹಿಸುವ ಬೆರಳು ಆ ಹೊಣೆಯಿಂದ ಎಷ್ಟು ದೂರ ಎಂದು ಆಲಿಮರನ್ನು ಕೇಳಿ ನೋಡಬಹುದು.

ಮನೆಯಲ್ಲಿ ಬಳಸುವ ಬಗೆ

ಅಡುಗೆಯಲ್ಲಿ ಕಲೋಂಜಿ ಬಳಸಲು ಯಾರ ಚೀಟಿಯೂ ಬೇಡ. ನಾನ್ ಮೇಲೆ, ಮಾವಿನ ಉಪ್ಪಿನಕಾಯಿಯಲ್ಲಿ, ಬದನೆಕಾಯಿ ಪಲ್ಯದ ಒಗ್ಗರಣೆಯಲ್ಲಿ, ಮೊಸರು ಚಟ್ನಿಯ ಮೇಲೆ ಹಾಕಿ. ಸುವಾಸನೆಯ ಅಂಶ ಶಾಖಕ್ಕೆ ಹಾರಿಹೋಗುವುದರಿಂದ ಕಪ್ಪಗೆ ಹುರಿಯಬೇಡಿ, ಒಗ್ಗರಣೆಯಲ್ಲಿ ಕೊನೆಗೆ ಹಾಕಿ ಇಳಿಸಿಬಿಡಿ. ಪುಡಿ ಬೇಕಾದರೆ ವಾರಕ್ಕೆ ಸಾಲುವಷ್ಟೇ ಮಾಡಿಕೊಳ್ಳಿ. ಇಡೀ ಬೀಜ ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಪುಡಿ ಬೇಗ ಮುಗ್ಗುತ್ತದೆ. ಎಣ್ಣೆಯಾದರೆ ಗಾಣದಲ್ಲಿ ಬಿಸಿ ಮಾಡದೆ ತೆಗೆದದ್ದು, ಬಣ್ಣದ ಗಾಜಿನ ಬಾಟಲಿಯಲ್ಲಿರುವುದು ಲೇಸು.

ಜೇನಿನ ಜೊತೆ ತಿನ್ನುವ ರೂಢಿ ಒಳ್ಳೆಯದೇ, ಆದರೆ ಸಕ್ಕರೆ ರೋಗಿಗೆ ಜೇನು ಸಕ್ಕರೆಯನ್ನು ಏರಿಸುತ್ತದೆ. ಜೇನು ಕೆಲವು ರೋಗಿಗಳಿಗೆ ಹಾನಿ ಮಾಡುತ್ತದೆ ಎಂದು ಇಮಾಮ್ ಅಬೂಬಕ್ರ್ ಇಬ್ನುಲ್ ಅರಬಿ(ರಹಿ) ಈ ಹದೀಸಿನ ಚರ್ಚೆಯಲ್ಲೇ ಹೇಳಿದ್ದಾರೆ. ಒಂದು ವರ್ಷ ತುಂಬದ ಕೂಸಿಗಂತೂ ಜೇನನ್ನು ನೆಕ್ಕಿಸಲೇಬಾರದು.

ಪ್ರಮಾಣ 2 ಗ್ರಾಂ ಎಂದರೆ ಮಟ್ಟಸವಾಗಿ ತುಂಬಿದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಇಬ್ನುಲ್ ಕಯ್ಯಿಮ್ ಎರಡು ದಿರ್ಹಮ್ ತೂಕವನ್ನು ಹೇಳಿ, ಅತಿಯಾದರೆ ಪ್ರಾಣಾಪಾಯವೆಂದು ಕೆಲವರ ಅಭಿಪ್ರಾಯವಿದೆ ಎಂದೂ ಸೇರಿಸುತ್ತಾರೆ. ಅವರ ಕಾಲದಲ್ಲಿ ಅದನ್ನು ಒಂದು ಬಾರಿಯ ಮದ್ದಾಗಿ ಕೊಡುತ್ತಿದ್ದರು. ತಿಂಗಳಾನುಗಟ್ಟಲೆ ತಿನ್ನುವವರು ಕಡಿಮೆ ಪ್ರಮಾಣದಲ್ಲಿರುವುದೇ ಕ್ಷೇಮ.

ಔಷಧಿಯಾಗಿ ಆರಂಭಿಸುವ ಮೊದಲು ವೈದ್ಯರಿಗೆ ಒಂದು ಮಾತು ಹೇಳಿ. ಕೆಲವು ವೈದ್ಯರು ನಗಬಹುದು, ಬೇಸರಪಡಬೇಡಿ, ಏನು ತಿನ್ನುತ್ತಿದ್ದೀರಿ ಎಂಬುದು ಚೀಟಿಯಲ್ಲಿ ಬರೆದಿರಲಿ. ಯುನಾನಿ ಪದ್ಧತಿಯಲ್ಲಿಯೇ ಚಿಕಿತ್ಸೆ ಬೇಕೆನ್ನುವವರಿಗೆ ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಿದೆ. ಅಲ್ಲಿ ಓದಿದ ಹಕೀಮರು ಕಲೋಂಜಿಯನ್ನು ಯಾರಿಗೆ, ಯಾವುದರ ಜೊತೆ ಕೊಡಬೇಕೆಂದು ನೋಡಿ ಕೊಡುತ್ತಾರೆ. ಆರಂಭಿಸುವ ಮುನ್ನ ಒಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿ, ಎರಡೂ ಚೀಟಿಗಳನ್ನು ವೈದ್ಯರ ಮುಂದಿಡಿ. ಅಂಕ ಇಳಿದಿದ್ದರೆ ಅಲ್‌ಹಮ್ದುಲಿಲ್ಲಾಹ್, ಮಾತ್ರೆ ಕಡಿಮೆ ಮಾಡಬೇಕೋ ಬೇಡವೋ ಎಂಬುದನ್ನು ಅವರು ಹೇಳಲಿ. ಅಲ್ಲಿಯವರೆಗೆ ಕಲೋಂಜಿಯ ಡಬ್ಬಿಯನ್ನು ಮಾತ್ರೆ ಡಬ್ಬಿಯ ಪಕ್ಕದಲ್ಲೇ ಇಡಿ.